ಬಿಸಿಯಾದ ಬೇರಿಂಗ್‌ಗೆ ಗ್ರೀಸ್ ಹೊಡೆಯುವುದನ್ನು ನಾನು ಬಿಟ್ಟಿದ್ದು

ಬ್ಯಾಡಗಿ ಸೀಮೆಯಲ್ಲಿ ನಮ್ಮದೊಂದು ಖಾರದ ಪುಡಿ ಗಿರಣಿ. 10 ಎಚ್‌ಪಿ ಮೋಟರ್, ಒಂದು ಪಲ್ವರೈಸರ್, ಅಂದರೆ ಪುಡಿ ಮಾಡುವ ಯಂತ್ರ. ಅದರ ಶಾಫ್ಟ್, ಅಂದರೆ ತಿರುಗುವ ದಂಡ, ಸಲೀಸಾಗಿ ತಿರುಗಲು 6308 ನಂಬರಿನ ಎರಡು ಗುಂಡಿನ ಬೇರಿಂಗ್. ಬೆಲ್ಟ್ ಓಡುವ ಪುಲ್ಲಿ ಕಡೆಯದು ಮೂರು-ನಾಲ್ಕು ತಿಂಗಳಿಗೊಮ್ಮೆ ಹೋಗುತ್ತಿತ್ತು. ಸೀಸನ್ನಿನಲ್ಲಿ ಒಂದು ದಿನ ಯಂತ್ರ ನಿಂತರೂ ಜನ ಚೀಲ ಹೊತ್ತುಕೊಂಡು ಬೇರೆ ಗಿರಣಿಗೆ ಹೋಗುತ್ತಾರೆ.

ಹೌಸಿಂಗ್, ಅಂದರೆ ಬೇರಿಂಗ್ ಕೂರುವ ಗೂಡು, ಬಿಸಿ ಅನ್ನಿಸಿದಾಗಲೆಲ್ಲ ನಾನು ಗ್ರೀಸ್ ಗನ್ ಹಿಡಿಯುತ್ತಿದ್ದೆ. ಹೌಸಿಂಗ್‌ನ ಅಂಚು ಮುಚ್ಚುವ ಸೀಲ್ ಪಕ್ಕದಿಂದ ಗ್ರೀಸ್ ಹೊರಗೆ ಬರುವ ತನಕ ಹೊಡೆಯುತ್ತಿದ್ದೆ. ಸ್ವಲ್ಪ ಹೊತ್ತು ಸದ್ದು ಇಳಿಯುತ್ತಿತ್ತು. ಅರ್ಧ ಗಂಟೆಗೆ ಮೊದಲಿಗಿಂತ ಜಾಸ್ತಿ ಬಿಸಿ.

ಒಂದು ದಿನ ನಮ್ಮೂರ ಹಿರಿಯ ಫಿಟ್ಟರ್ ಒಬ್ಬರು ಬಂದು ಹೌಸಿಂಗ್ ಮೇಲೆ ಕೈ ಇಟ್ಟು ನೋಡಿದರು. "ತಮ್ಮಾ, ಇದಕ್ಕ ಗ್ರೀಸ್ ಕಮ್ಮಿ ಆಗಿಲ್ಲ, ಉಸಿರು ಕಟ್ಟೈತಿ" ಅಂದರು. ಸ್ಕ್ರೂಡ್ರೈವರ್‌ನಿಂದ ಹೌಸಿಂಗ್ ತಳ ಕೆರೆದರು. ಅಲ್ಲೊಂದು ಡ್ರೈನ್ ಪ್ಲಗ್, ಅಂದರೆ ಹಳೇ ಗ್ರೀಸ್ ಹೊರಬಿಡುವ ತೂತಿನ ಬಿರಡೆ, ಇತ್ತು! ಯಾವಾಗಲೋ ಬಳಿದ ಬಣ್ಣದಡಿ ಮುಚ್ಚಿಹೋಗಿದ್ದಕ್ಕೆ ನನಗೆ ಗೊತ್ತೇ ಇರಲಿಲ್ಲ. ಅದನ್ನು ಬಿಚ್ಚಿ ಯಂತ್ರ ಓಡಿಸಿದಾಗ ಗ್ರೀಸ್ ಶಾವಿಗೆಯಂತೆ ಇಳಿಯಿತು. ಕೆಂಪಗಿತ್ತು, ಅಂದರೆ ಖಾರದ ಪುಡಿ ಒಳಗೆ ಸೇರಿತ್ತು.

ಬೇರಿಂಗ್ ಒಳಗಿನ ಗುಂಡುಗಳು ಗ್ರೀಸನ್ನು ಪಕ್ಕಕ್ಕೆ ತಳ್ಳಿ ದಾರಿ ಮಾಡಿಕೊಳ್ಳಬೇಕು. ಪಕ್ಕದಲ್ಲಿ ಜಾಗವೇ ಇಲ್ಲದಿದ್ದರೆ ಅವು ಗ್ರೀಸನ್ನು ಕಡೆಯುತ್ತಲೇ ಇರುತ್ತವೆ. ಕಡೆದಷ್ಟೂ ಬಿಸಿ. ಬಿಸಿಗೆ ಎಣ್ಣೆ ಬೇರೆಯಾಗಿ ಸೋರಿಹೋಗುತ್ತದೆ, ಉಳಿಯುವುದು ಎಣ್ಣೆಯನ್ನು ಹಿಡಿದಿಟ್ಟಿದ್ದ ಬರೀ ಗಟ್ಟಿ ಸೋಪು. ಅದಕ್ಕೇ ಹೌಸಿಂಗ್‌ನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಾತ್ರ ಗ್ರೀಸ್ ಇರಬೇಕು.

ಹಾಗಾದರೆ ಪ್ರತಿ ಸಲ ಎಷ್ಟು ಹೊಡೆಯಬೇಕು? ಬೇರಿಂಗ್‌ನ ಹೊರವ್ಯಾಸ ಮತ್ತು ಅಗಲವನ್ನು ಮಿಲಿಮೀಟರಿನಲ್ಲಿ ಗುಣಿಸಿ, ಅದನ್ನು 0.005ರಿಂದ ಗುಣಿಸಿದರೆ ಗ್ರಾಂ ಲೆಕ್ಕ ಸಿಗುತ್ತದೆ. 6308ಕ್ಕೆ 90 ಮತ್ತು 23, ಅಂದರೆ ಸುಮಾರು 10 ಗ್ರಾಂ. ನನ್ನ ಗನ್ನಿನಿಂದ ಕಾಗದದ ಮೇಲೆ ಹತ್ತು ಸಲ ಹೊಡೆದು ತಕ್ಕಡಿಗೆ ಇಟ್ಟೆ. 12 ಗ್ರಾಂ ಬಂತು. ಎಂಟು ಸಲ ಹೊಡೆದರೆ ಸಾಕು! ನಾನು ನಲವತ್ತು ಸಲ ಹೊಡೆಯುತ್ತಿದ್ದೆ. ನಿಮ್ಮ ಗನ್ ಬೇರೆ ಇರುತ್ತದೆ, ಒಮ್ಮೆ ತೂಗಿ ನೋಡಿ.

ಹಳೇ ಬೇರಿಂಗ್ ಎಸೆಯಬೇಡ ಅಂತಲೂ ಅವರು ಹೇಳಿದ್ದರು. ಕನ್ನಡಕ ಹಾಕಿಕೊಂಡು ಗ್ರೈಂಡರ್‌ನಿಂದ ಹೊರಗಿನ ರೇಸ್, ಅಂದರೆ ಗುಂಡುಗಳು ಓಡುವ ಹೊರಬಳೆ, ಕತ್ತರಿಸಿದೆ. ಮೋಟರ್ ಇರುವ ಕಡೆ ಮಾತ್ರ ಪದರ ಎದ್ದಿತ್ತು. ಬೆಲ್ಟ್ ಎಳೆಯುವುದು ಅದೇ ದಿಕ್ಕಿಗೆ, ಅಲ್ವಾ? ಬೆಲ್ಟ್ ಜಾರಬಾರದು ಅಂತ ನಾನು ತಂತಿಯಂತೆ ಬಿಗಿದಿದ್ದೆ. ಬಾಲ್ ಬೇರಿಂಗ್ ಮೇಲಿನ ಭಾರ ಎರಡು ಪಟ್ಟಾದರೆ ಅದರ ಆಯುಷ್ಯ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಈಗ ಬೆಲ್ಟಿನ ನಡುವೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಬೆಲ್ಟ್ ಕಂಪನಿಯ ಕೋಷ್ಟಕದಲ್ಲಿ ಹೇಳಿದಷ್ಟೇ ಬಲದಿಂದ ಎಳೆದು ನೋಡುತ್ತೇನೆ. ಪುಲ್ಲಿಗಳ ನಡುವೆ ಒಂದು ಮೀಟರ್ ಅಂತರವಿದ್ದರೆ ಬೆಲ್ಟ್ ಸುಮಾರು 16 ಮಿಲಿಮೀಟರ್ ಬಗ್ಗಬೇಕು.

ರೇಸಿನಲ್ಲಿ ಇನ್ನೊಂದು ಗುರುತೂ ಇತ್ತು. ಗುಂಡುಗಳ ನಡುವಿನ ಅಂತರಕ್ಕೆ ಸರಿಯಾಗಿ ಸಣ್ಣ ಸಣ್ಣ ಗುಳಿಗಳು. ಅದು ನನ್ನ ಸುತ್ತಿಗೆಯ ಕೆಲಸ. ಶಾಫ್ಟ್‌ಗೆ ಕೂರಿಸುವಾಗ ಹೊರಗಿನ ರೇಸಿಗೆ ಹೊಡೆದರೆ ಏಟೆಲ್ಲ ಗುಂಡುಗಳ ಮೂಲಕವೇ ಹೋಗುತ್ತದೆ. ಹೊಸ ಬೇರಿಂಗ್ ಓಡುವ ಮೊದಲೇ ಗಾಯ ಮಾಡಿಸಿಕೊಂಡಿರುತ್ತದೆ. ಈಗ ಸ್ವಚ್ಛವಾದ ಎಣ್ಣೆಯಲ್ಲಿ, ಪಾತ್ರೆಯ ತಳಕ್ಕೆ ತಾಗದಂತೆ ತಂತಿಯಲ್ಲಿ ನೇತುಹಾಕಿ, 80-90 ಡಿಗ್ರಿಗೆ ಕಾಯಿಸುತ್ತೇನೆ. ಸುಮ್ನೆ ಜಾರಿಕೊಂಡು ಕೂರುತ್ತದೆ. ಇದು ಸೀಲ್ ಇಲ್ಲದ ತೆರೆದ ಬೇರಿಂಗ್‌ಗೆ ಮಾತ್ರ.

ಗ್ರೀಸ್ ಕೊಳ್ಳುವಾಗ ಬಣ್ಣ ನಂಬಬೇಡಿ. ನೀಲಿ, ಕೆಂಪು ಎಲ್ಲ ಬರೀ ಬಣ್ಣ. ಡಬ್ಬಿಯ ಮೇಲೆ ಲಿಥಿಯಂ ಅಂತ ಇದೆಯೋ ಬೇರೇನೋ ಇದೆಯೋ ಓದಿ. ಬೇರೆ ಬೇರೆ ಜಾತಿಯವನ್ನು ಬೆರೆಸಿದರೆ ಕೆಲವು ನೀರಾಗುತ್ತವೆ.

ಹೀಗೆ ಕೂರಿಸಿದ ಬೇರಿಂಗ್ ಒಂದು ಸೀಸನ್ ಪೂರ್ತಿ ಓಡಿ ಈಗ ಎರಡನೆಯದರಲ್ಲಿದೆ. ಕೈ ಇಟ್ಟರೆ ಬೆಚ್ಚಗಿದೆ, ಅಷ್ಟೇ. ಪುಡಿ ತಡೆಯಲು ಶಾಫ್ಟ್ ಸುತ್ತ ಫೆಲ್ಟ್ ರಿಂಗ್, ಅಂದರೆ ಒತ್ತಿದ ಉಣ್ಣೆಯಂಥ ಬಟ್ಟೆಯ ಬಳೆ, ಹಾಕಿದ್ದೇನೆ. ಆದರೂ ಹೋದ ವಾರ ಡ್ರೈನ್‌ನಿಂದ ಬಂದ ಗ್ರೀಸಿನಲ್ಲಿ ತೆಳುವಾಗಿ ಕೆಂಪು ಕಂಡಿತು. ಈ ಭಾನುವಾರ ಫೆಲ್ಟ್ ಬದಲಿಸಬೇಕು.