ಬೀಪ್ ಬಂದಾಗ ಹೇಗನಿಸ್ತಿದೆ?

ನಾನು ಕಾಲೇಜಿನಲ್ಲಿ ಆಪ್ತಸಮಾಲೋಚಕಿ. "ಈ ವಾರ ಹೇಗಿತ್ತಪ್ಪಾ?" ಎಂದು ಕೇಳಿದರೆ ಮಕ್ಕಳು ಹೇಳುವುದು ಹೆಚ್ಚಾಗಿ ಇವತ್ತಿನ ಮೂಡು. ಸೋಮವಾರದ ಒತ್ತಡ ಶುಕ್ರವಾರ ಯಾರಿಗೆ ನೆನಪಿರುತ್ತೆ? ಆಯಾ ಹೊತ್ತಿಗೇ ಮೊಬೈಲಿನಲ್ಲಿ ಕೇಳಿಬಿಡೋಣ ಅನ್ನಿಸಿತು. ಅವರಿಗೆ ಕೊಡುವ ಮೊದಲು ನನ್ನ ಮೇಲೇ ಮಾಡಿ ನೋಡಿದೆ.

ವಿಧಾನ ಹಳೆಯದೇ. 1970ರ ದಶಕದಲ್ಲಿ ಷಿಕಾಗೊದಲ್ಲಿ ಮನಶ್ಶಾಸ್ತ್ರಜ್ಞ ಚಿಕ್‌ಸೆಂಟ್‌ಮಿಹಾಯಿ ಮತ್ತು ಸಂಗಡಿಗರು ಜನರಿಗೆ ಪೇಜರ್ ಕೊಟ್ಟು, ಬೀಪ್ ಬಂದಾಗಲೆಲ್ಲ ಆ ಗಳಿಗೆಯ ಬಗ್ಗೆ ಬರೆಸಿದ್ದರು. 2013ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು 48 ವಿದ್ಯಾರ್ಥಿಗಳನ್ನು 10 ವಾರ ಫೋನ್ ಮೂಲಕ ಗಮನಿಸಿದರು. ಓದಿನ ಹೊರೆ ಏರಿದಂತೆ ಒತ್ತಡ ಏರಿತು, ನಿದ್ದೆಯೂ ಮಾತುಕತೆಯೂ ಇಳಿದವು.

ನನ್ನದು ಸರಳ. ಹಗಲಿನಲ್ಲಿ ಯಾವಾಗೆಂದರೆ ಆವಾಗ ಐದು ಬೀಪ್. ಗೊತ್ತುಮಾಡಿದ ಹೊತ್ತಿಗೇ ಬಂದರೆ ಮನಸ್ಸು ಮೊದಲೇ ತಯಾರಾಗಿಬಿಡುತ್ತದೆ. ಕೇಳುವುದು ಮೂರೇ: ಒತ್ತಡ 0ಯಿಂದ 10ರೊಳಗೆ ಎಷ್ಟು, ಏನು ಮಾಡ್ತಿದ್ದೀರಿ, ಜೊತೆಗೆ ಯಾರಿದ್ದಾರೆ. ಇದಕ್ಕಿಂತ ಜಾಸ್ತಿ ಕೇಳಿದರೆ ಜನ ಸುಮ್ನೆ ಏನೋ ಒಂದು ಒತ್ತಿಬಿಡುತ್ತಾರೆ.

ಕೈಗೆ ಸ್ಮಾರ್ಟ್‌ವಾಚ್ ಕೂಡ ಕಟ್ಟಿದ್ದೆ. ಅದು ಹಸಿರು ಬೆಳಕು ಬಿಟ್ಟು ಚರ್ಮದಡಿಯ ರಕ್ತದ ಓಟ ನೋಡುತ್ತದೆ, ಒಂದು ಬಡಿತದಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತದೆ. ಆರಾಮಾಗಿದ್ದಾಗ ಈ ಅಂತರ ಸ್ವಲ್ಪ ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ಒತ್ತಡದಲ್ಲಿ ಆ ಏರುಪೇರು ಸಾಮಾನ್ಯವಾಗಿ ತಗ್ಗುತ್ತದೆ. ಆದರೆ ನಿದ್ದೆಗೆಟ್ಟರೂ, ಜ್ವರ ಬಂದರೂ, ಮೆಟ್ಟಿಲು ಹತ್ತಿದರೂ ತಗ್ಗುತ್ತದೆ. ಉತ್ತರಪತ್ರಿಕೆಯ ಕಟ್ಟು ಹೊತ್ತು ಮೂರನೇ ಮಹಡಿಗೆ ಹೋದಾಗ ವಾಚ್ 'ಒತ್ತಡ ಜಾಸ್ತಿ' ಎಂದಿತು; ನಾನು ಒತ್ತಿದ್ದು 2. ಪ್ರಿನ್ಸಿಪಾಲರ ಕೋಣೆಯ ಹೊರಗೆ ಸುಮ್ಮನೆ ಕೂತಿದ್ದಾಗ ನನ್ನ ಅಂಕ 8, ವಾಚ್ ಪಾಪ ಹಾಯಾಗಿತ್ತು! ಆಮೇಲೆ ವಾಚಿನಲ್ಲಿ ನಿದ್ದೆ ಮಾಡುವಾಗಿನ ಆ ಏರುಪೇರಿನ ಅಂಕಿ ಮಾತ್ರ ನೋಡತೊಡಗಿದೆ, ಅದೂ ನನ್ನದೇ ಹಿಂದಿನ ವಾರಗಳ ಜೊತೆ ಹೋಲಿಸಿ. ಪಕ್ಕದವರ ಅಂಕಿ ಇಟ್ಟುಕೊಂಡು ಏನು ಮಾಡೋದು?

ನನಗೆ ಉಪಯೋಗವಾಗಿದ್ದು ಆ ಮೂರು ಪ್ರಶ್ನೆಗಳೇ. ಮೀಟಿಂಗ್‌ನೊಳಗೆ ಅಂಕ 4, ಅದಕ್ಕೆ ಮುಂಚಿನ ಗಂಟೆಯಲ್ಲಿ 7. ಹೀಗೇ ಮತ್ತೆ ಮತ್ತೆ. ಈಗ ಆ ಗಂಟೆಯಲ್ಲಿ ವಿದ್ಯಾರ್ಥಿಗಳನ್ನು ನೋಡುವ ಕೆಲಸ ಇಟ್ಟುಕೊಂಡಿದ್ದೇನೆ.

ಮಕ್ಕಳಿಗೆ ವಾಚ್ ಬೇಕಿಲ್ಲ ಎಂದೇ ಹೇಳುತ್ತೇನೆ. ಉತ್ತರಗಳು ಅವರ ಫೋನ್‌ನಲ್ಲೇ ಇರುತ್ತವೆ, ತೋರಿಸುವುದು ಬಿಡುವುದು ಅವರಿಷ್ಟ. ಅಂಕ ದಿನಗಟ್ಟಲೆ ಇಳಿಯದೆ ನಿದ್ದೆಯೂ ಹೋದರೆ ಗ್ರಾಫ್ ನೋಡುತ್ತಾ ಕೂರಬಾರದು, ಕೂಡಲೇ ಬಂದು ಮಾತಾಡಬೇಕು. ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕೆಲವು ಫೋನ್‌ಗಳಲ್ಲಿ ಬ್ಯಾಟರಿ ಸೇವರ್ ಆನ್ ಇದ್ದರೆ ಬೀಪ್ ಬರೋದೇ ಇಲ್ಲ. ಅದನ್ನು ನನ್ನೆದುರೇ ಸರಿಮಾಡಿಸಿ ಕಳಿಸುತ್ತೇನೆ.