ಹಳೇ ಕಾರಿನ ಗಡಿಯಾರ, ರೇಡಿಯೊ: ಸುಟ್ಟದ್ದು ಯಾವುದು, ಸುಟ್ಟದ್ದು ಯಾಕೆ

ಡ್ಯಾಶ್‌ಬೋರ್ಡಿನ ಗಡಿಯಾರ ನಿಂತಿದೆ ಎಂದು ಯಾರೇ ತಂದರೂ ನಾನು ಮೊದಲು ಕೇಳುವುದು, ಬ್ಯಾಟರಿ ಯಾವಾಗಲಾದರೂ ಪೂರ್ತಿ ಇಳಿದಿತ್ತಾ ಅಂತ. 1950–60ರ ದಶಕದ ಅಮೆರಿಕನ್ ಕಾರುಗಳಲ್ಲಿ ಬರುತ್ತಿದ್ದ ಬೋರ್ಗ್, ವೆಸ್ಟ್‌ಕ್ಲಾಕ್ಸ್ ಗಡಿಯಾರಗಳ ಒಳಗೆ ಇರುವುದು ಮಾಮೂಲಿ ಕೀಲಿ ಗಡಿಯಾರವೇ. ಕೀಲಿ ಕೊಡುವ ಕೆಲಸವಷ್ಟೇ ಕರೆಂಟಿನದು. ಒಂದೆರಡು ನಿಮಿಷದಲ್ಲಿ ಸ್ಪ್ರಿಂಗ್ ಬಿಚ್ಚಿಕೊಂಡಾಗ ಎರಡು ಪಾಯಿಂಟ್ (ಕರೆಂಟ್ ಹಾಯಿಸುವ ಲೋಹದ ಮೊನೆಗಳು) ಒಂದನ್ನೊಂದು ಮುಟ್ಟುತ್ತವೆ, ಕಾಯಿಲ್ (ತಂತಿ ಸುತ್ತಿದ ವಿದ್ಯುತ್ ಅಯಸ್ಕಾಂತ) ಟಕ್ಕೆಂದು ಆರ್ಮೇಚರನ್ನು, ಅಂದರೆ ಸ್ಪ್ರಿಂಗ್ ಬಿಗಿಯುವ ಕಬ್ಬಿಣದ ತುಂಡನ್ನು, ಒದೆಯುತ್ತದೆ, ಸ್ಪ್ರಿಂಗ್ ಬಿಗಿಯಾಗಿ ಪಾಯಿಂಟ್ ಬಿಟ್ಟುಕೊಳ್ಳುತ್ತವೆ. ಬ್ಯಾಟರಿ ಇಳಿದಿದ್ದರೆ ಆ ಒದೆತಕ್ಕೆ ಬಲ ಸಾಲದು. ಪಾಯಿಂಟ್ ಅಂಟಿಕೊಂಡೇ ಉಳಿಯುತ್ತವೆ, ಕಾಯಿಲ್ ಒಂದೇ ಸಮನೆ ಬಿಸಿಯಾಗುತ್ತದೆ.

ಬಿಚ್ಚಿದ ಮೇಲೆ ಮೊದಲು ಕಾಯಿಲನ್ನು ಮಲ್ಟಿಮೀಟರಿನಲ್ಲಿ ನೋಡಿ. ಕೆಲವೇ ಓಮ್ ತೋರಿಸಿದರೆ ಕಾಯಿಲ್ ಬದುಕಿದೆ, ತೊಂದರೆ ಹೆಚ್ಚಾಗಿ ಪಾಯಿಂಟಿನದು. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಪಾಯಿಂಟಿನಲ್ಲಿ ಗುಳಿ, ಎದುರಿನದರಲ್ಲಿ ಅದಕ್ಕೆ ಸರಿಯಾಗಿ ಉಬ್ಬು ಕಾಣುತ್ತದೆ. ಅರ ಹಾಕಬೇಡಿ, ಅಲ್ಲಿರುವ ಒಳ್ಳೇ ಲೋಹ ಬಹಳ ತೆಳು. 1000 ಗ್ರಿಟ್ ಕಾಗದವನ್ನು ಕಿರಿದಾದ ಪಟ್ಟಿಯಾಗಿ ಕತ್ತರಿಸಿ, ಪಾಯಿಂಟುಗಳ ನಡುವೆ ಇಟ್ಟು ಮೆಲ್ಲಗೆ ಎಳೆಯಿರಿ. ಉಬ್ಬು ಹೋದರೆ ಸಾಕು, ಗುಳಿ ಸ್ವಲ್ಪ ಉಳಿದರೂ ಪರವಾಗಿಲ್ಲ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಿಳಿ ಕಾಗದವನ್ನು ಎಳೆದು, ಕಪ್ಪು ಬರುವುದು ನಿಲ್ಲುವವರೆಗೆ ಒರೆಸಿ.

ಎಣ್ಣೆಯ ವಿಷಯದಲ್ಲಿ ಧಾರಾಳತನವೇ ಶತ್ರು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದ ಗಡಿಯಾರ ಅಂದು ಓಡುತ್ತದೆ, ಕೆಲವು ತಿಂಗಳಲ್ಲಿ ಅಂಟು ಕಟ್ಟಿ ನಿಲ್ಲುತ್ತದೆ. ಹಳೇ ಜಿಡ್ಡನ್ನು ಪೂರ್ತಿ ತೊಳೆದು, ಗಡಿಯಾರದ ಎಣ್ಣೆಯನ್ನು ಸೂಜಿ ತುದಿಯಲ್ಲಿ ಎತ್ತಿ, ಚಕ್ರಗಳ ಅಚ್ಚು ಕೂರುವ ತೂತುಗಳಿಗೆ ಮಾತ್ರ ಮುಟ್ಟಿಸಿ. ಹೇರ್‌ಸ್ಪ್ರಿಂಗಿಗೆ, ಪಾಯಿಂಟಿಗೆ ಎಣ್ಣೆ ತಾಗಲೇಬಾರದು.

ಪಾಯಿಂಟ್ ಸುಡುವುದಕ್ಕೆ ಮೂಲ, ಅವು ಬಿಟ್ಟುಕೊಳ್ಳುವಾಗ ಕಾಯಿಲ್ ಹೊಡೆಯುವ ಕಿಡಿ. ಕಾಯಿಲಿನ ಎರಡು ತುದಿಗೆ ಅಡ್ಡಲಾಗಿ 1ಎನ್4007 ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಬಿಡಿಭಾಗ) ಬೆಸೆದರೆ ಕಿಡಿ ಬಹುಪಾಲು ಅಡಗುತ್ತದೆ. ಡಯೋಡಿನ ಪಟ್ಟಿಯಿರುವ ತುದಿ ಪ್ಲಸ್ ಕಡೆಗಿರಬೇಕು. ಪಾಸಿಟಿವ್ ಅರ್ತ್ ಇರುವ ಹಳೇ ಬ್ರಿಟಿಷ್ ಕಾರುಗಳಲ್ಲಿ ಬಾಡಿಯೇ ಪ್ಲಸ್ ಎನ್ನುವುದನ್ನು ಮರೆತರೆ ಡಯೋಡ್ ಮೊದಲ ಟಕ್ಕಿಗೇ ಹೋಗುತ್ತದೆ.

ಜರ್ಮನ್ ಕೀನ್‌ಜ್ಲೆ ಗಡಿಯಾರಗಳಲ್ಲಿ ಬೇಗ ಕರಗುವ ಬೆಸುಗೆಯ ಥರ್ಮಲ್ ಫ್ಯೂಸ್, ಅಂದರೆ ಬಿಸಿ ಹೆಚ್ಚಾದರೆ ಕರೆಂಟ್ ಕಡಿಯುವ ಫ್ಯೂಸ್, ಇರುತ್ತದೆ. ಬಿಟ್ಟುಹೋದ ಅದನ್ನು ಮಾಮೂಲಿ ಸೋಲ್ಡರಿನಲ್ಲಿ ಬೆಸೆದರೂ ಗಡಿಯಾರ ಓಡುತ್ತದೆ. ಆದರೆ ಆ ಸೋಲ್ಡರ್ ಕರಗಲು 183 ಡಿಗ್ರಿ ಬೇಕು. ಅಷ್ಟರಲ್ಲಿ ಕಾಯಿಲ್ ಸುಟ್ಟಿರುತ್ತದೆ. ಸುಮಾರು 90 ಡಿಗ್ರಿಯ ಥರ್ಮಲ್ ಫ್ಯೂಸ್ ಹಾಕಿ, ಅದರ ಕಾಲುಗಳನ್ನು ಬೆಸೆಯುವಾಗ ಇಕ್ಕಳದಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಬೆಸುಗೆಯ ಕಾವಿಗೇ ಅದು ಹಾರುತ್ತದೆ.

ಟೆಸ್ಟ್ ಮಾಡಲು ಮೊಬೈಲ್ ಚಾರ್ಜರಿನಷ್ಟು ಸಣ್ಣ ಅಡಾಪ್ಟರ್ ಬೇಡ. ಅದರ ಕರೆಂಟ್ ಸಾಲದೆ, ಇಳಿದ ಬ್ಯಾಟರಿ ಮಾಡಿದ ಅನಾಹುತವೇ ಮೇಜಿನ ಮೇಲೂ ಆಗುತ್ತದೆ. ಫ್ಯೂಸ್ ಹಾಕಿ ಕಾರ್ ಬ್ಯಾಟರಿಗೇ ಕೊಡಿ, ಒಂದು ಇಡೀ ದಿನ ಓಡಿಸಿ.

ಟ್ರಾನ್ಸಿಸ್ಟರಿಗೂ ಮುಂಚಿನ, ಗಾಜಿನ ವಾಲ್ವುಗಳಿರುವ ಕಾರ್ ರೇಡಿಯೊದಲ್ಲೂ ಇದೇ ಕಥೆ. ಬ್ಯಾಟರಿಯ 6 ಅಥವಾ 12 ವೋಲ್ಟನ್ನು ವೈಬ್ರೇಟರ್ (ಪಾಯಿಂಟುಗಳು ಸದಾ ಅದುರುವ ಸ್ವಿಚ್) ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ, ಆಚೆ 200 ವೋಲ್ಟಿಗೂ ಮೇಲೆ ಬರುತ್ತದೆ. ಆಫ್ ಮಾಡಿದ ಮೇಲೂ ಕೆಪಾಸಿಟರುಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡದೆ ಕೈ ಹಾಕಬೇಡಿ. ವೈಬ್ರೇಟರ್ ಸುಟ್ಟಿದೆ ಎಂದು ಬರೀ ಅದನ್ನೇ ಬದಲಿಸಿದರೆ ಹೊಸದೂ ಸುಡುತ್ತದೆ. ಅಪರಾಧಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ (ಹೆಚ್ಚು ವೋಲ್ಟ್ ಬರುವ ಸುತ್ತಿಗೆ) ಅಡ್ಡಲಾಗಿರುವ, ಕಿಡಿ ಅಡಗಿಸುವ ಬಫರ್ ಕೆಪಾಸಿಟರ್. ಹಳೆಯದು ಚೆನ್ನಾಗಿ ಕಂಡರೂ ನಾನು ತೆಗೆದೇ ಹಾಕುತ್ತೇನೆ. ಅದರ ಅಳತೆ 0.005ರಿಂದ 0.01 ಮೈಕ್ರೊಫ್ಯಾರಡ್ ಆಸುಪಾಸು ಇರುತ್ತದೆ. ಸರ್ಕ್ಯೂಟಿನಲ್ಲಿ ಬರೆದಿರುವಷ್ಟೇ ಹಾಕಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ವೋಲ್ಟೇಜ್ ತಾಳಿಕೆ ಮಾತ್ರ 1600 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಕಾಗದದ ಕಪ್ಲಿಂಗ್ ಕೆಪಾಸಿಟರ್ ಎರಡನೇ ಅಪರಾಧಿ: ಅದು ಸೋರಿದರೆ ವಾಲ್ವ್ ಅತಿಯಾಗಿ ಕರೆಂಟ್ ಎಳೆಯುತ್ತದೆ. ಫಿಲ್ಟರಿನ 20 ಮೈಕ್ರೊಫ್ಯಾರಡ್ ಕೆಪಾಸಿಟರುಗಳಿಗೆ 22 ಮೈಕ್ರೊಫ್ಯಾರಡ್, 450 ವೋಲ್ಟಿನವು ಸರಿಹೋಗುತ್ತವೆ. ಹಳೇ ಡಬ್ಬವನ್ನು ನೋಟಕ್ಕೆ ಅಲ್ಲೇ ಬಿಟ್ಟು, ಅದರ ವೈರ್ ಬಿಡಿಸಿ, ಹೊಸವನ್ನು ಷಾಸಿಯ ಅಡಿಯಲ್ಲಿ ಬೆಸೆಯಬಹುದು.

1950ರ ದಶಕದ ಕೊನೆಯ ಹೈಬ್ರಿಡ್ ರೇಡಿಯೊಗಳಲ್ಲಿ ವೈಬ್ರೇಟರೇ ಇಲ್ಲ. ವಾಲ್ವುಗಳು ನೇರ 12 ವೋಲ್ಟಿನಲ್ಲಿ ನಡೆಯುತ್ತವೆ, ಔಟ್‌ಪುಟ್ಟಿಗೆ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್. ಸ್ಪೀಕರ್ ಜೋಡಿಸದೆ ಇದನ್ನು ಆನ್ ಮಾಡಬಾರದು. 8–10 ಓಮ್ ಇದ್ದಲ್ಲಿ 4 ಓಮ್ ಸ್ಪೀಕರ್ ಹಾಕಿದರೆ ಟ್ರಾನ್ಸಿಸ್ಟರ್ ಬೇಯುತ್ತದೆ. ಟ್ರಾನ್ಸಿಸ್ಟರಿನ ಎಮಿಟರ್ ಕಾಲಿನಲ್ಲಿರುವ, ಒಂದು ಓಮ್‌ಗೂ ಕಡಿಮೆಯ ರೆಸಿಸ್ಟರ್ ಫ್ಯೂಸಿನ ಕೆಲಸವನ್ನೂ ಮಾಡುತ್ತದೆ. ಅದು ಹಾರಿದ್ದರೆ ಆ ಜಾಗಕ್ಕೆ ತಂತಿ ಬೆಸೆದು ಮುಗಿಸಬೇಡಿ.

ಆಂಟೆನಾ ಟ್ರಿಮ್ಮರನ್ನು (ರೇಡಿಯೊವನ್ನು ಆಂಟೆನಾಕ್ಕೆ ಹೊಂದಿಸುವ ಸ್ಕ್ರೂ) ಮೇಜಿನ ಮೇಲೆ ಹೊಂದಿಸುವುದು ದಂಡ, ಕಾರಿನ ಆಂಟೆನಾ ಕೇಬಲ್ಲಿನ ಕೆಪಾಸಿಟೆನ್ಸ್ ಕೂಡ ಆ ಟ್ಯೂನಿಂಗಿನ ಭಾಗ. ರೇಡಿಯೊ ಕಾರಿಗೆ ಕೂತ ಮೇಲೆ ಆಂಟೆನಾ ಪೂರ್ತಿ ಎತ್ತಿ, 1400 ಕಿಲೋಹರ್ಟ್ಜ್ ಹತ್ತಿರ ಕ್ಷೀಣವಾದ ಒಂದು ಸ್ಟೇಷನ್ ಹಿಡಿದು, ದನಿ ಅತಿ ಜೋರಾಗುವ ಕಡೆಗೆ ಸ್ಕ್ರೂ ತಿರುಗಿಸಿ. ಜೋರಾದ ಸ್ಟೇಷನ್ ಹಿಡಿದರೆ ಎಲ್ಲಿ ತಿರುಗಿಸಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ.