ಆರು ಸಹಿ, ಎಂಟು ಕೈ

ನಮ್ಮದು ಹೊಸನಗರ ತಾಲ್ಲೂಕಿನ ಸಣ್ಣ ಪಂಚಾಯಿತಿ. ಸದಸ್ಯರು ಹನ್ನೊಂದೇ ಜನ. ಮಲೆನಾಡಿನ ಕಡೆ ಹೀಗೇ, ಮನೆಗಳು ದೂರ ದೂರ, ಆದರೆ ಎಲ್ಲರಿಗೂ ಎಲ್ಲರೂ ನೆಂಟರು. ಅಧ್ಯಕ್ಷೆಯನ್ನು ಇಳಿಸಲು ಹೊರಟಾಗ ಈ ನೆಂಟಸ್ತಿಕೆಯೇ ಕಾಲಿಗೆ ತೊಡರಿತು. ಆಕೆ ನನ್ನ ಹೆಂಡತಿಗೆ ವರಸೆಯಲ್ಲಿ ಅಕ್ಕ.

ದೂರು ಎಲ್ಲ ಊರಿನದ್ದೇ. ಕುರ್ಚಿಯಲ್ಲಿ ಹೆಂಡತಿ, ಆಡಳಿತ ಗಂಡನದ್ದು. ಕ್ರಿಯಾ ಯೋಜನೆ ಸಭೆಗೆ ಬರುವ ಮೊದಲೇ ಆತನ ಜೇಬಿನಲ್ಲಿ ತಯಾರಾಗಿರುತ್ತಿತ್ತು. ನನ್ನ ವಾರ್ಡಿನ ನೀರಿನ ಪೈಪು ಎರಡು ಬೇಸಿಗೆ ರಸ್ತೆ ಪಕ್ಕದಲ್ಲೇ ಬಿದ್ದಿತ್ತು.

ಗ್ರಾಮಸಭೆಯಲ್ಲಿ ಒಬ್ಬ ಅಜ್ಜ ಕೇಳಿದರು, "ಓಟು ಹಾಕೋದು ನಾವು, ತೆಗೆಯೋಕೆ ನಮಗೆ ಆಗಲ್ವಾ ಮಾರಾಯ?" ಆಗಲ್ಲ. ಮಧ್ಯಪ್ರದೇಶದ ಪಟ್ಟಣಗಳಲ್ಲಿ ಅಂಥ ಚುನಾವಣೆ ನಡೆದಿದೆ. ಒಂದು ಚಿಹ್ನೆ ತುಂಬಿದ ಕುರ್ಚಿ, ಇನ್ನೊಂದು ಖಾಲಿ ಕುರ್ಚಿ. 2001ರಲ್ಲಿ ಅನೂಪ್‌ಪುರದ ಜನ ಖಾಲಿ ಕುರ್ಚಿಗೆ ಓಟು ಒತ್ತಿ ತಮ್ಮ ಅಧ್ಯಕ್ಷೆಯನ್ನು ಮನೆಗೆ ಕಳಿಸಿದ್ದರು. ನಮ್ಮಲ್ಲಿ ಅಧ್ಯಕ್ಷರನ್ನು ಆರಿಸುವುದು ಸದಸ್ಯರು, ಇಳಿಸುವುದೂ ಸದಸ್ಯರೇ. 1993ರ ಪಂಚಾಯತ್ ರಾಜ್ ಕಾಯ್ದೆಯ 49ನೇ ಪ್ರಕರಣ. ಅದೂ ಅಧ್ಯಕ್ಷರಾಗಿ 15 ತಿಂಗಳು ಕಳೆಯಬೇಕು. ಕಾದೆವು.

ಅವಿಶ್ವಾಸದ ನೋಟಿಸಿಗೆ ಅರ್ಧದಷ್ಟು ಸದಸ್ಯರ ಸಹಿ ಬೇಕು. ಹನ್ನೊಂದಕ್ಕೆ ಆರು. ಇದು ಒಂದೇ ಸಂಜೆಯಲ್ಲಿ ಆಯಿತು. ಸಹಿ ಮಾಡಿದವರಲ್ಲಿ ಇಬ್ಬರು ಖುದ್ದಾಗಿ ಉಪವಿಭಾಗಾಧಿಕಾರಿಗೆ, ಅಂದರೆ ಎಸಿಗೆ, ಕೊಡಬೇಕು. ನಮಗೆ ಆ ಕಚೇರಿ ಇರುವುದು ಸಾಗರ ಪೇಟೆಯಲ್ಲಿ. ಮೊದಲ ಸಲ ಬಿಳಿ ಹಾಳೆಯಲ್ಲಿ ಎರಡು ಪುಟ ಸಿಟ್ಟು ಬರೆದುಕೊಂಡು ಹೋಗಿದ್ದೆವು. ಗುಮಾಸ್ತರು ನಕ್ಕು, "ನಮೂನೆ 1ರಲ್ಲಿ ತನ್ನಿ" ಅಂದರು. ಬಸ್ಸಿನ ದುಡ್ಡು ದಂಡ.

ಅಸಲಿ ಕಷ್ಟ ಎಂಟರದ್ದು. ಗೆಲ್ಲಲು ಮೂರನೇ ಎರಡು ಪಾಲು ಬೇಕು, ಅದೂ ಸಭೆಗೆ ಬಂದವರಲ್ಲಿ ಅಲ್ಲ, ಒಟ್ಟು ಸದಸ್ಯರಲ್ಲಿ. ಹನ್ನೊಂದಕ್ಕೆ ಎಂಟು. ಅಂದರೆ ಮನೆಯಲ್ಲಿ ಕೂತವನು ಸುಮ್ನೆ ಕೂತಂತಲ್ಲ, ಅಧ್ಯಕ್ಷೆಯ ಕಡೆ ನಿಂತಂತೆ. ಇದನ್ನು ನಮ್ಮವರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಗಂಟಲು ಒಣಗಿತು.

ಸಭೆಗೆ 15 ದಿನ ಮುಂಚೆ ಸದಸ್ಯರಿಗೆಲ್ಲ ನೋಟಿಸ್ ಹೋಗುತ್ತದೆ. ಆ ಹದಿನೈದು ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಆ ಕಡೆಯವರು ಮನೆಮನೆ ಸುತ್ತಿದರು. ನಮ್ಮಲ್ಲೊಬ್ಬ ಎಲ್ಲರನ್ನೂ ಸಿಗಂದೂರಿಗೆ ಕರೆದುಕೊಂಡು ಹೋಗಿ ಚೌಡಮ್ಮನ ಎದುರು ಆಣೆ ಹಾಕಿಸೋಣ ಅಂದ. ಇನ್ನೊಬ್ಬ ಮುರುಡೇಶ್ವರದಲ್ಲಿ ರೂಮು ಮಾಡೋಣ ಅಂದ. ನಾನು ಎರಡಕ್ಕೂ ಒಪ್ಪಲಿಲ್ಲ. ಧೈರ್ಯ ಇತ್ತು ಅಂತಲ್ಲ, ಅಷ್ಟು ದುಡ್ಡಿರಲಿಲ್ಲ.

ಏಳನೆಯವರಿಗೆ ಅಡಿಕೆ ಕೊಯ್ಲು. "ಕೊನೆ ತೆಗೆಯೋರು ಅವತ್ತೇ ಬರೋದು, ನಾನು ಹ್ಯಾಂಗೆ ಬರ್ಲಿ?" ನೆಪವೋ ನಿಜವೋ, ಕೊಯ್ಲಿನ ಕಾಲದಲ್ಲಿ ಯಾರೂ ಹೇಳಲಾರರು. ವಾದ ಮಾಡಲಿಲ್ಲ. ನನ್ನ ತೋಟಕ್ಕೆ ಗೊತ್ತಾಗಿದ್ದ ಆಳುಗಳನ್ನು ಒಂದು ದಿನ ಮುಂಚೆಯೇ ಅವರ ತೋಟಕ್ಕೆ ಕಳಿಸಿದೆ. ನನ್ನ ಅಡಿಕೆ ಸ್ವಲ್ಪ ಹಣ್ಣಾಯಿತು, ಇರಲಿ.

ಎಂಟನೆಯವರು ಒಬ್ಬ ಸದಸ್ಯೆ. ಅಧ್ಯಕ್ಷ ಸ್ಥಾನ ಹಿಂದುಳಿದ ವರ್ಗ ಅ ಮಹಿಳೆಗೆ ಮೀಸಲು, ಆ ವರ್ಗದಲ್ಲಿ ಉಳಿದಿದ್ದವರು ಅವರೊಬ್ಬರೇ. ಇಳಿಸಿದರೆ ಕುರ್ಚಿ ಅವರಿಗೇ ಅಂತ ಊರಿಗೆಲ್ಲ ಗೊತ್ತು. ಅದಕ್ಕೇ ಹಿಂಜರಿದರು. "ನಾಳೆ ಎಲ್ರೂ ಏನಂತಾರೆ, ಅಣ್ಣ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ಸಲ ಹೋಗಿ ಕಾಫಿ ಕುಡಿದು ಬಂದೆ, ಅಷ್ಟೇ. ನೀವು ಈ ಕೆಲಸಕ್ಕೆ ಕೈ ಹಾಕುವುದಾದರೆ ಸಹಿಗಿಂತ ಮೊದಲು ಮೀಸಲಾತಿ ನೋಡಿಕೊಳ್ಳಿ. ನಾವು ನೋಡಿದ್ದು ಆಮೇಲೆ.

ಸಭೆಯ ದಿನ ಎಸಿ ಸಾಹೇಬರು ನಿರ್ಣಯ ಓದಿದರು. ನಾನು ಭಾಷಣ ತಯಾರು ಮಾಡಿಕೊಂಡಿದ್ದೆ, ಅದು ಜೇಬಿನಲ್ಲೇ ಉಳಿಯಿತು. ಪರವಾಗಿರುವವರು ಕೈ ಎತ್ತಿ ಅಂದರು. ಏಳು ಕೈ ಒಟ್ಟಿಗೆ ಎದ್ದವು. ಆ ಹೆಂಗಸು ಸೆರಗು ಸರಿ ಮಾಡಿಕೊಂಡರು, ಅಧ್ಯಕ್ಷೆಯ ಮುಖ ನೋಡಿದರು, ಆಮೇಲೆ ಮೆಲ್ಲಗೆ ಎತ್ತಿದರು. ಎಂಟು.

ಪೈಪು ಆ ಮಳೆಗಾಲಕ್ಕೆ ಮೊದಲೇ ಮಣ್ಣಿನೊಳಗೆ ಹೋಯಿತು. ಹಳೆಯ ಅಧ್ಯಕ್ಷೆಯ ಮನೆಯಲ್ಲಿ ಮುಂದಿನ ವರ್ಷ ಮಗಳ ಮದುವೆ. ಕರೆಯೋಲೆಯಲ್ಲಿ ನನ್ನ ಹೆಂಡತಿಯ ಹೆಸರು ಮಾತ್ರ ಇತ್ತು. ಹೋಗಿ ಊಟ ಮಾಡಿ ಬಂದಳು.